ಗ್ರಾನೈಟ್ ಮೆಟ್ಟಿಲು ಜಾರುತ್ತಿದೆಯೇ? ಅಂಚಿಗೆ ಪಟ್ಟಿ ಅಂಟಿಸಿ

ನರಕ ಚತುರ್ದಶಿಯ ಬೆಳಿಗ್ಗೆ. ಅಮ್ಮ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಒಲೆ ಮೇಲಿಟ್ಟಿದ್ದ ಹಾಲಿನ ನೆನಪಾಗಿ ಮಹಡಿಯಿಂದ ಇಳಿದು ಬರುತ್ತಿದ್ದರು. ಕೊನೆಗೆ ಮೂರು ಮೆಟ್ಟಿಲು ಇರುವಾಗ ಕಾಲು ಜಾರಿತು. ಪುಣ್ಯಕ್ಕೆ ಕೈಗೆ ರೇಲಿಂಗ್ ಸಿಕ್ಕಿತು. ಮಣಿಕಟ್ಟು ಉಳುಕಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಮೊದಲು ನಮಗೆ ಹೊಳೆದದ್ದು ಕಾರ್ಪೆಟ್. ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದದ ಹಾಸು. ಮರದ ಮೆಟ್ಟಿಲಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಪ್ರತಿ ಮೆಟ್ಟಿಲಿನ ಮೂಲೆಗೂ ಮುಳ್ಳುಪಟ್ಟಿ ಹೊಡೆದು, ಕಾರ್ಪೆಟ್ಟನ್ನು ಎಳೆದು ಅದಕ್ಕೆ ಸಿಕ್ಕಿಸುತ್ತಾರೆ. ಗ್ರಾನೈಟಿಗೆ ಹಾಗೆ ಮೊಳೆ ಹೊಡೆಯಲು ಬರುವುದಿಲ್ಲ. ಬಿಗಿಯಿಲ್ಲದೆ ಸುಮ್ನೆ ಹಾಸಿದರೆ ಕಾಲಿನ ಜೊತೆ ಹಾಸೂ ಜಾರುತ್ತದೆ, ಬರಿಯ ಕಲ್ಲಿಗಿಂತ ಅದು ಜಾಸ್ತಿ ಅಪಾಯ. ಮೇಲಾಗಿ ನಾವು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವವರು. ಕಾರ್ಪೆಟ್ ನೀರು ಕುಡಿದು ವಾಸನೆ ಬರುತ್ತದೆ. ಹಾಗಾಗಿ ನಮ್ಮ ಮನೆಗಳಿಗೆ ಕಾಲು ಜಾರದಂತೆ ಅಂಚಿಗೆ ಅಂಟಿಸುವ ಆ್ಯಂಟಿ-ಸ್ಕಿಡ್ ಟೇಪೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಟಿಸುವುದು ಅರ್ಧ ದಿನದ ಕೆಲಸ, ನೀವೇ ಮಾಡಬಹುದು.

ಯಾವ ಟೇಪ್ ತರಬೇಕು?

ಇಲ್ಲಿ ಆತುರ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಮರಳುಕಾಗದದಂಥ ಕಪ್ಪು ಟೇಪ್ ಕೊಡುತ್ತಾರೆ. ಚಪ್ಪಲಿ, ಬೂಟು ಹಾಕಿ ಓಡಾಡುವ ಜಾಗಕ್ಕೆ ಅದು ಒಳ್ಳೆಯದು. ಆದರೆ ಮನೆಯೊಳಗೆ ನಾವು ಬರಿಗಾಲಲ್ಲಿ ಓಡಾಡುತ್ತೇವೆ, ಅಲ್ವಾ? ಮಕ್ಕಳು ಮೆಟ್ಟಿಲ ಮೇಲೆ ಮಂಡಿಯೂರಿ ಹತ್ತುತ್ತಾರೆ. ಒರಟು ಟೇಪ್ ಚರ್ಮ ತರಚುತ್ತದೆ, ಸೀರೆಯ ಅಂಚನ್ನೂ ಸವೆಸುತ್ತದೆ. ರಬ್ಬರಿನಂತೆ ಮೆತ್ತಗಿರುವ, ಸಣ್ಣ ಸಣ್ಣ ಉಬ್ಬುಗಳ ಟೇಪ್ ಕೇಳಿ ತನ್ನಿ. ಕೊಳ್ಳುವ ಮುಂಚೆ ಬೆರಳಿನಿಂದ ಉಜ್ಜಿ ನೋಡಿ.

ಬಣ್ಣವೂ ಮುಖ್ಯ. ಚಾಮರಾಜನಗರದ ಕಪ್ಪು ಕಲ್ಲಿನ ಮೇಲೆ ಕಪ್ಪು ಟೇಪ್ ಹಾಕಿದರೆ ಅರ್ಧ ಲಾಭ ಹೋಯಿತು. ಕಣ್ಣಿನಲ್ಲಿ ಪೊರೆ ಇರುವವರಿಗೆ, ಬೈಫೋಕಲ್ ಕನ್ನಡಕ ಹಾಕುವವರಿಗೆ ಒಂದು ಮೆಟ್ಟಿಲು ಎಲ್ಲಿ ಮುಗಿಯಿತು ಎನ್ನುವುದೇ ಕಾಣುವುದಿಲ್ಲ. ಕಪ್ಪು ಕಲ್ಲಿಗೆ ಹಳದಿ ಅಥವಾ ಬಿಳಿ ಹಾಕಿ. ತಿಳಿ ಬಣ್ಣದ ಕಲ್ಲಿಗೆ ಕಂದು ಅಥವಾ ಕಪ್ಪು.

2 ಇಂಚು ಅಗಲದ್ದಿರಲಿ. ನಮ್ಮ ಮೆಟ್ಟಿಲು 3 ಅಡಿ ಅಗಲ. ಎರಡೂ ಬದಿ ಸ್ವಲ್ಪ ಬಿಟ್ಟು ಒಂದೊಂದಕ್ಕೆ 75 ಸೆಂ.ಮೀ. ತುಂಡು ಸಾಕಾಯಿತು. 5 ಮೀಟರಿನ ಒಂದು ಸುರುಳಿಯಲ್ಲಿ 6 ತುಂಡು ಬರುತ್ತದೆ. 18 ಮೆಟ್ಟಿಲಿಗೆ 3 ಸುರುಳಿ. ಕೆಲವು ಮೆಟ್ಟಿಲಿಗೆ ಮಾತ್ರ ಹಾಕಿ ಉಳಿಸಲು ಹೋಗಬೇಡಿ. ಹಿಡಿತಕ್ಕೆ ಒಗ್ಗಿದ ಕಾಲು ಪಟ್ಟಿ ಇಲ್ಲದ ಮೆಟ್ಟಿಲಲ್ಲೇ ಜಾರುತ್ತದೆ.

ಅಂಟಿಸುವುದು

ಟೇಪ್ ಕಿತ್ತು ಬರಲು ಮುಖ್ಯ ಕಾರಣ ಕಲ್ಲಿನ ಮೇಲಿನ ಜಿಡ್ಡು ಮತ್ತು ಪಾಲಿಶ್ ಮೇಣ. ಹಿಂದಿನ ದಿನವೇ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಿನಲ್ಲಿ ಉಜ್ಜಿ, ಬರಿ ನೀರಿನಲ್ಲಿ ಎರಡು ಸಲ ಒರೆಸಿ, ರಾತ್ರಿಯಿಡೀ ಒಣಗಲು ಬಿಡಿ. ಆ್ಯಸಿಡ್ ಬೇಡ. ಮೆಟ್ಟಿಲು ಮಾರ್ಬಲ್‌ನದ್ದಾದರೆ ಅದು ಕಲ್ಲನ್ನೇ ತಿನ್ನುತ್ತದೆ. ಬೆಳಿಗ್ಗೆ ಕಿಟಕಿ ತೆರೆದಿಟ್ಟು, ಐಸೊಪ್ರೊಪೈಲ್ ಆಲ್ಕೋಹಾಲ್ (ಜಿಡ್ಡು ತೆಗೆದು ಬೇಗ ಆರುವ ದ್ರವ) ಅದ್ದಿದ ಬಟ್ಟೆಯಿಂದ ಅಂಚನ್ನು ಇನ್ನೊಮ್ಮೆ ಒರೆಸಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಕಲ್ಲು ಬೆವರುತ್ತಿದ್ದರೆ ಅಂಟು ಹಿಡಿಯುವುದಿಲ್ಲ.

ಇನ್ನು ಜಾಗ. ಇಳಿಯುವಾಗ ಮೈಭಾರವೆಲ್ಲ ಪಾದದ ಮುಂಭಾಗದ ಮೇಲೆ, ಮೆಟ್ಟಿಲಿನ ಅಂಚಿನಲ್ಲೇ ಬೀಳುತ್ತದೆ. ಆದ್ದರಿಂದ ಪಟ್ಟಿ ಅಂಚಿನ ಹತ್ತಿರವೇ ಇರಬೇಕು, ನಡುವೆ ಹಾಕಿದರೆ ಪ್ರಯೋಜನವಿಲ್ಲ. ನೋಸಿಂಗ್, ಅಂದರೆ ಮೆಟ್ಟಿಲಿನ ಮುಂದಿನ ಅಂಚು, ದುಂಡಗಿದ್ದರೆ ಆ ದುಂಡಿನ ಮೇಲೆ ಟೇಪ್ ನಿಲ್ಲುವುದಿಲ್ಲ. ದುಂಡು ಮುಗಿದು ಕಲ್ಲು ಸಮತಟ್ಟಾಗುವಲ್ಲಿಂದ ಶುರು ಮಾಡಿ. ಸ್ಕೇಲ್ ಇಟ್ಟು ಪೆನ್ಸಿಲ್ ಗೆರೆ ಎಳೆದುಕೊಳ್ಳಿ.

ತುಂಡುಗಳನ್ನು ಹಳೆಯ ಕತ್ತರಿಯಲ್ಲಿ ಕತ್ತರಿಸಿ. ನಾಲ್ಕೂ ಮೂಲೆಗಳನ್ನು ದುಂಡಗೆ ಮಾಡಿ. ಇದನ್ನು ಮಾತ್ರ ಬಿಡಬೇಡಿ. ಚೂಪು ಮೂಲೆ ಒರೆಸುವ ಬಟ್ಟೆಗೆ ಸಿಕ್ಕಿ ಏಳುತ್ತದೆ. ಹಿಂದಿನ ಕಾಗದವನ್ನು ನಾಲ್ಕು ಬೆರಳಷ್ಟು ಮಾತ್ರ ಬಿಡಿಸಿ, ಗೆರೆಗೆ ಕೂರಿಸಿ, ಆಮೇಲೆ ಒಂದು ಕೈಯಲ್ಲಿ ಕಾಗದ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಒತ್ತುತ್ತಾ ಹೋಗಿ. ಪೂರ್ತಿ ಕಾಗದ ಒಮ್ಮೆಲೇ ಬಿಡಿಸಿದರೆ ಟೇಪ್ ತನಗೆ ತಾನೇ ಅಂಟಿಕೊಂಡು ಹಾಳು. ಕೊನೆಗೆ ಲಟ್ಟಣಿಗೆಗೆ ಬಟ್ಟೆ ಸುತ್ತಿ, ನಡುವಿನಿಂದ ಅಂಚಿನ ಕಡೆಗೆ ಗಟ್ಟಿಯಾಗಿ ಉರುಳಿಸಿ. 24 ಗಂಟೆ ನೀರು ಬೇಡ. ಮನೆ ಒರೆಸಲು ಬರುವವರಿಗೆ ಮುಂಚೆಯೇ ಹೇಳಿಡಿ.

ಮಳೆ ಬೀಳುವ ಹೊರಗಿನ ಮೆಟ್ಟಿಲಿಗೆ ಟೇಪ್ ಅಷ್ಟು ಬಾಳಿಕೆ ಬರುವುದಿಲ್ಲ. ಅಲ್ಲಿಗೆ ಕಲ್ಲಿನವರನ್ನು ಕರೆಸಿ ಅಂಚಿನ ಹತ್ತಿರ ಎರಡು ಮೂರು ಗ್ರೂವ್ (ಉದ್ದನೆಯ ಗೀರು) ಹೊಡೆಸಿ. ಕೊರೆಯುವಾಗ ಏಳುವ ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ನೀರು ಹಾಕಿಕೊಂಡೇ ಕೊರೆಯಲು ಹೇಳಿ, ಕೆಲಸದವರಿಗೆ ಮಾಸ್ಕ್ ನೀವೇ ಕೊಡಿ. ಮನೆ ಕಟ್ಟಿಸುತ್ತಿರುವವರು ಕಲ್ಲು ಕೂರಿಸುವ ಮುಂಚೆಯೇ ಇದನ್ನು ಮಾಡಿಸಿಕೊಂಡರೆ ಒಳ್ಳೆಯದು.

ಮುಂದೆ ಯಾವುದಾದರೂ ಪಟ್ಟಿಯ ಮೂಲೆ ಎದ್ದರೆ ಫೆವಿಕ್ವಿಕ್ ಹಾಕಿ ಕೂರಿಸಬೇಡಿ, ಅದು ಮತ್ತೆ ಎದ್ದರೆ ಕಾಲು ಸಿಕ್ಕಿ ಮುಗ್ಗರಿಸಬಹುದು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಇಡೀ ಪಟ್ಟಿ ತೆಗೆಯಿರಿ. ಉಳಿದ ಅಂಟನ್ನು ಸೀಮೆಎಣ್ಣೆ ಅಥವಾ ಥಿನ್ನರ್ ಹಾಕಿ ಒರೆಸಿ, ಆ ಜಿಡ್ಡನ್ನು ಸೋಪಿನಲ್ಲಿ ತೊಳೆದು, ಒಣಗಿದ ಮೇಲೆ ಹೊಸದು ಅಂಟಿಸಿ. ಅದಕ್ಕೆಂದೇ ನಾನು ಒಂದು ಸುರುಳಿ ಜಾಸ್ತಿ ತಂದಿಟ್ಟಿದ್ದೇನೆ.