ಕಲ್ಲುಪುಡಿ, ನಾರಿನ ಧೂಳು ಮತ್ತು ಡೀಸೆಲ್ ಎಂಜಿನ್ನಿನ ಆಯಿಲ್

ತುಮಕೂರಿನ ಸುತ್ತಮುತ್ತ ಡೀಸೆಲ್ ಎಂಜಿನ್‌ಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿಯ ಕಾರ್ಖಾನೆಗಳ ಜನರೇಟರ್‌ಗಳು, ಮಧುಗಿರಿ, ಕೊರಟಗೆರೆ ದಿಕ್ಕಿನ ಜಲ್ಲಿ ಕ್ರಷರ್‌ಗಳು, ತಿಪಟೂರು, ಗುಬ್ಬಿ ಕಡೆಯ ತೆಂಗಿನ ನಾರಿನ ಘಟಕಗಳು. ಎಂಜಿನ್ ಒಂದೇ ಮಾಡೆಲ್ ಆಗಿದ್ದರೂ ಈ ಮೂರು ಜಾಗಗಳಲ್ಲಿ ಅದು ಮೂರು ರೀತಿಯಲ್ಲಿ ಕೆಡುತ್ತದೆ.

ಎಷ್ಟು ಗಂಟೆಗೊಮ್ಮೆ ಆಯಿಲ್ ಬದಲಾಯಿಸಬೇಕು ಎಂದು ಮಾಲೀಕರೆಲ್ಲರೂ ಕೇಳುತ್ತಾರೆ. ಅದಕ್ಕೆ ಉತ್ತರ ಎಂಜಿನ್ ಜೊತೆ ಬಂದ ಪುಸ್ತಕದಲ್ಲೇ ಇದೆ: ಹಲವು ಎಂಜಿನ್‌ಗಳಿಗೆ 250 ಗಂಟೆ, ಕೆಲವು ಹೊಸ ಮಾಡೆಲ್‌ಗಳಿಗೆ 500 ಗಂಟೆ. ಆಯಿಲ್ ಒಳಗೆ ಏನು ಸೇರುತ್ತಿದೆ, ಯಾವ ದಾರಿಯಿಂದ ಸೇರುತ್ತಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಒಳ್ಳೆಯ ಆಯಿಲನ್ನು ಬೇಗ ಹಾಳು ಮಾಡುವುದು ಹೊರಗಿನಿಂದ ಬರುವ ಧೂಳು, ನೀರು, ಸುಡದೆ ಉಳಿದ ಡೀಸೆಲ್ ಮತ್ತು ಅತಿಯಾದ ಬಿಸಿ. ಹಾಗಾಗಿ ಆಯಿಲ್ ಬಗ್ಗೆ ಬರೆಯಲು ಕುಳಿತರೂ ನಾನು ಹೆಚ್ಚು ಹೇಳಬೇಕಾಗಿರುವುದು ಏರ್ ಫಿಲ್ಟರ್, ರೇಡಿಯೇಟರ್ ಮತ್ತು ಡೀಸೆಲ್ ಟ್ಯಾಂಕಿನ ಬಗ್ಗೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಈಗಿನ ಜನರೇಟರ್‌ಗಳಲ್ಲಿ ಆಟೋ ಪ್ಯಾನಲ್ ಇರುತ್ತದೆ. ಬೆಸ್ಕಾಂ ಕರೆಂಟ್ ಹೋದ ಕೆಲವೇ ಸೆಕೆಂಡುಗಳಲ್ಲಿ ಎಂಜಿನ್ ತಾನಾಗಿ ಚಾಲೂ ಆಗುತ್ತದೆ. ನಿಮ್ಮ ಕೈ ಫ್ಯಾನ್ ಬೆಲ್ಟ್ ಮೇಲಿದೆಯೇ ಎಂದು ಪ್ಯಾನಲ್ ನೋಡುವುದಿಲ್ಲ. ಸ್ವಿಚ್ಚನ್ನು ಆಟೋದಿಂದ ಆಫ್‌ಗೆ ತಿರುಗಿಸಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಪ್ಯಾನಲ್ ಮೇಲೆ ‘ಕೆಲಸ ನಡೆಯುತ್ತಿದೆ’ ಎಂಬ ಫಲಕ ನೇತುಹಾಕಿದ ಮೇಲೆಯೇ ಎಂಜಿನ್ ಮುಟ್ಟಬೇಕು. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಡಿಪ್‌ಸ್ಟಿಕ್ ಓದುವುದು

ಬೆಳಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ. ಓಡುತ್ತಿದ್ದ ಎಂಜಿನ್ ಆದರೆ ನಿಲ್ಲಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿ. ಮೇಲಿನ ಆಯಿಲ್ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯಲು ಅಷ್ಟು ಹೊತ್ತು ಬೇಕು. ಮಟ್ಟ ಕೆಳಗಿನ ಮತ್ತು ಮೇಲಿನ ಗೆರೆಗಳ ನಡುವೆ ಇರಬೇಕು. ಮೇಲಿನ ಗೆರೆ ದಾಟಿಸಿ ತುಂಬಿದರೆ ಒಳ್ಳೆಯದು ಎಂದು ಹಲವರು ನಂಬಿದ್ದಾರೆ. ಆಗ ತಿರುಗುವ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಬೇರಿಂಗ್‌ಗಳನ್ನು ಕಾಯುವುದಿಲ್ಲ. ಬಿಸಿ ಏರುತ್ತದೆ, ಸೀಲ್‌ಗಳಿಂದ ಆಯಿಲ್ ಸೋರುತ್ತದೆ.

ಮಟ್ಟದ ಜೊತೆಗೆ ಬಣ್ಣ, ವಾಸನೆ, ಜಿಡ್ಡನ್ನೂ ಗಮನಿಸಿ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಬಹುಬೇಗ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಮಸಿಯನ್ನು ಒಂದೆಡೆ ಗಡ್ಡೆಗಟ್ಟಲು ಬಿಡದೆ ಸಣ್ಣ ಕಣಗಳಾಗಿ ತೇಲಿಸಿ ಇಟ್ಟುಕೊಳ್ಳುವುದು ಆಯಿಲ್‌ನ ಕೆಲಸಗಳಲ್ಲಿ ಒಂದು. ಹೆದರಬೇಕಾದುದು ಬೇರೆ ಎರಡಕ್ಕೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್, ಆಯಿಲ್ ಕೂಲರ್ ಅಥವಾ ಲೈನರ್‌ನ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆಯ) ರಬ್ಬರ್ ರಿಂಗ್ ನೋಡಬೇಕು. ಟಾಪ್‌ಅಪ್ ಮಾಡದಿದ್ದರೂ ಮಟ್ಟ ಏರಿದ್ದರೆ, ಬೆರಳಿಗೆ ತೆಳ್ಳಗೆ ಹತ್ತಿ ಡೀಸೆಲ್ ವಾಸನೆ ಬಂದರೆ, ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ತೊಟ್ಟಿಕ್ಕುತ್ತಿರಬಹುದು ಅಥವಾ ಫ್ಯುಯೆಲ್ ಪಂಪಿನ ಸೀಲ್ ಹೋಗಿರಬಹುದು. ಈ ಎರಡರಲ್ಲಿ ಯಾವುದು ಕಂಡರೂ ಎಂಜಿನ್ ಓಡಿಸಬೇಡಿ. ‘ಸಂಜೆಯ ಪಾಳಿ ಮುಗಿಯಲಿ’ ಎಂದು ಕಾದರೆ ಬೇರಿಂಗ್ ಉಳಿಯುವುದಿಲ್ಲ.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಬಿಸಿ ಎಂಜಿನ್ನಿನ ಡಿಪ್‌ಸ್ಟಿಕ್‌ನಿಂದ ಒಂದು ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಬಿಟ್ಟು ಒಂದು ರಾತ್ರಿ ಇಡಿ. ಮಸಿ ನಡುವಿನಿಂದ ಅಂಚಿನವರೆಗೆ ಸಮನಾಗಿ ಹರಡಿದ್ದರೆ ಆಯಿಲ್‌ನಲ್ಲಿ ಇನ್ನೂ ಸತ್ವ ಇದೆ. ನಡುವೆ ಗಟ್ಟಿ ಕಪ್ಪು ಚುಕ್ಕೆಯಾಗಿ ನಿಂತು, ಸುತ್ತ ಬರಿಯ ಜಿಡ್ಡಿನ ಉಂಗುರ ಮಾತ್ರ ಹರಡಿದ್ದರೆ ಮಸಿಯನ್ನು ತೇಲಿಸುವ ಶಕ್ತಿ ಮುಗಿದಿದೆ. ಗಂಟೆ ಬಾಕಿ ಇದ್ದರೂ ಬದಲಾಯಿಸಿ. ಪ್ರತಿ ಸಲದ ಕಾಗದದ ಮೇಲೂ ತಾರೀಖು, ಗಂಟೆ ಬರೆದು ಲಾಗ್‌ಬುಕ್ಕಿಗೆ ಅಂಟಿಸಿ.

ಗಾಳಿಯ ದಾರಿ

ದೇವರಾಯನದುರ್ಗ, ಮಧುಗಿರಿ ಬೆಟ್ಟಗಳ ಕಲ್ಲು ಗ್ರಾನೈಟ್. ಅದರಲ್ಲಿರುವ ಬೆಣಚುಕಲ್ಲಿನ, ಅಂದರೆ ಕ್ವಾರ್ಟ್ಸ್‌ನ ಗಡಸುತನ 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ 7. ಮೆದು ಬೇರಿಂಗ್ ಲೋಹ ಅದರ ಮುಂದೆ ಏನೂ ಅಲ್ಲ, ಲೈನರ್‌ನ ಎರಕದ ಕಬ್ಬಿಣವೂ ತಡೆಯುವುದಿಲ್ಲ. ಬೇರಿಂಗ್‌ನಲ್ಲಿ ಆಯಿಲ್ ಪದರದ ದಪ್ಪ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಬರಿಗಣ್ಣಿಗೆ ಕಾಣದ ಹತ್ತಿಪ್ಪತ್ತು ಮೈಕ್ರಾನಿನ ಕಲ್ಲುಪುಡಿ ಆ ಪದರವನ್ನು ದಾಟಿ ಎರಡೂ ಕಡೆಯ ಲೋಹವನ್ನು ಉಜ್ಜುತ್ತದೆ. ಕ್ರಷರ್‌ಗಳಲ್ಲಿ ಎಂಜಿನ್ ಆಯುಸ್ಸನ್ನು ತೀರ್ಮಾನಿಸುವುದು ಏರ್ ಫಿಲ್ಟರ್ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಮಧುಗಿರಿ ರಸ್ತೆಯ ಒಂದು ಕ್ರಷರ್‌ನಲ್ಲಿ ಮಾಲೀಕರು ಬಹಳ ಕಾಳಜಿಯವರು. ಪುಸ್ತಕದಲ್ಲಿ 250 ಗಂಟೆ ಎಂದಿದ್ದರೆ ಅವರು 150ಕ್ಕೇ ಆಯಿಲ್ ಬದಲಾಯಿಸುತ್ತಿದ್ದರು. ಆದರೂ ಎಂಜಿನ್ ಹೊಗೆ ಉಗುಳತೊಡಗಿತು, ಆಯಿಲ್ ಕುಡಿಯತೊಡಗಿತು. ಬಿಚ್ಚಿದಾಗ ಪಿಸ್ಟನ್ ರಿಂಗ್‌ಗಳು ಸವೆದು ಬ್ಲೇಡಿನಂತಾಗಿದ್ದವು. ಅಲ್ಲಿನ ಹುಡುಗ ದಿನವೂ ಶ್ರದ್ಧೆಯಿಂದ ಏರ್ ಫಿಲ್ಟರ್ ಬಿಚ್ಚಿ, ಕಂಪ್ರೆಸರ್ ಗಾಳಿಯನ್ನು ಪೂರ್ತಿ ಒತ್ತಡದಲ್ಲಿ ಬಿಟ್ಟು ಸ್ವಚ್ಛ ಮಾಡುತ್ತಿದ್ದ. ಆ ಗಾಳಿಯ ಹೊಡೆತಕ್ಕೆ ಫಿಲ್ಟರ್ ಕಾಗದದಲ್ಲಿ ಸೂಜಿಮೊನೆಯ ತೂತುಗಳಾಗಿದ್ದವು. ಆಯಿಲ್‌ಗೆ ಸುರಿದ ಹಣವೆಲ್ಲ ಆ ತೂತುಗಳಲ್ಲಿ ಹೋಯಿತು.

ಆದ್ದರಿಂದ ಹೀಗೆ ಮಾಡಿ. ಫಿಲ್ಟರ್ ಬಳಿ ಇರುವ ಇಂಡಿಕೇಟರ್ ಕೆಂಪು ತೋರಿಸುವವರೆಗೆ ಫಿಲ್ಟರ್ ಬಿಚ್ಚಬೇಡಿ. ಪ್ರತಿ ಸಲ ಬಿಚ್ಚಿದಾಗಲೂ ಒಂದಿಷ್ಟು ಧೂಳು ಶುದ್ಧ ಗಾಳಿಯ ಕಡೆಗೆ ಬೀಳುತ್ತದೆ. ಹೌಸಿಂಗ್ ಕೆಳಗಿನ ರಬ್ಬರ್ ಬಾಯಿಯನ್ನು ಮಾತ್ರ ದಿನವೂ ಹಿಸುಕಿ ಧೂಳು ಉದುರಿಸಿ. ಹೊರಗಿನ ಎಲಿಮೆಂಟನ್ನು (ಫಿಲ್ಟರಿನ ಕಾಗದದ ಭಾಗವನ್ನು) ಊದಲೇಬೇಕಾದರೆ ಒತ್ತಡವನ್ನು 2 ಬಾರ್, ಅಂದರೆ 30 ಪಿಎಸ್‌ಐ ಒಳಗೆ ಇಳಿಸಿ, ಒಳಗಿನಿಂದ ಹೊರಕ್ಕೆ ಊದಿ. ನೆಲಕ್ಕೆ, ಟೈರಿಗೆ ಬಡಿಯಬೇಡಿ. ಕತ್ತಲಲ್ಲಿ ಒಳಗೆ ಬಲ್ಬ್ ಇಳಿಬಿಟ್ಟು ಸುತ್ತ ನೋಡಿ. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಎಸೆಯಿರಿ. ಒಳಗಿನ ಸಣ್ಣ ಸೇಫ್ಟಿ ಎಲಿಮೆಂಟನ್ನು ಊದುವ ಹಾಗಿಲ್ಲ, ತೊಳೆಯುವ ಹಾಗಿಲ್ಲ, ಅದು ಬದಲಾಯಿಸುವಂಥದ್ದು. ಕೊನೆಗೆ ಫಿಲ್ಟರ್‌ನಿಂದ ಟರ್ಬೊವರೆಗಿನ (ಎಂಜಿನ್‌ಗೆ ಗಾಳಿಯನ್ನು ಒತ್ತಿ ಕಳಿಸುವ ಭಾಗದವರೆಗಿನ) ರಬ್ಬರ್ ಹೋಸ್ ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಧೂಳು ಹತ್ತಿದರೆ ಎಲ್ಲೋ ಕ್ಲಿಪ್ ಸಡಿಲವಾಗಿದೆ ಅಥವಾ ಹೋಸ್ ಸೀಳಿದೆ. ಇದಕ್ಕೆ ಐದು ನಿಮಿಷ ಸಾಕು. ಇಡೀ ಸರ್ವಿಸ್‌ನಲ್ಲಿ ಇದಕ್ಕಿಂತ ಬೆಲೆಬಾಳುವ ಐದು ನಿಮಿಷ ಬೇರೆ ಇಲ್ಲ.

ಹಳೆಯ ಎಂಜಿನ್‌ಗಳಲ್ಲಿ ಆಯಿಲ್ ಬಾತ್ ಫಿಲ್ಟರ್ (ಗಾಳಿಯ ಧೂಳನ್ನು ಆಯಿಲ್‌ನಲ್ಲಿ ಹಿಡಿಯುವಂಥದ್ದು) ಇದ್ದರೆ ತಳದ ಕೆಸರು ತೆಗೆದು, ಗುರುತಿನವರೆಗೆ ಮಾತ್ರ ಹೊಸ ಆಯಿಲ್ ತುಂಬಿ.

ನಾರಿನ ಘಟಕಗಳ ಸಮಸ್ಯೆ ಬೇರೆ. ತೆಂಗಿನ ನಾರಿನ ಧೂಳು ಹಗುರ, ಅದು ರೇಡಿಯೇಟರ್ ರೆಕ್ಕೆಗಳಿಗೆ ಹೋಗಿ ಕೂರುತ್ತದೆ. ಎಂಜಿನ್ ಬ್ರೀದರ್‌ನಿಂದ (ಒಳಗಿನ ಆವಿಯನ್ನು ಹೊರಬಿಡುವ ಪೈಪಿನಿಂದ) ಬರುವ ಆಯಿಲ್ ಆವಿಯೂ ಅಲ್ಲೇ ಅಂಟಿದರೆ ಎರಡೂ ಸೇರಿ ಕಂಬಳಿ ಹೊದಿಸಿದ ಹಾಗಾಗುತ್ತದೆ. ಹೊರಗಿನಿಂದ ನೋಡಿದವರಿಗೆ ರೇಡಿಯೇಟರ್ ಶುಭ್ರವಾಗಿಯೇ ಕಾಣುತ್ತದೆ. ಜನರೇಟರ್ ಫ್ಯಾನ್ ಸಾಮಾನ್ಯವಾಗಿ ಗಾಳಿಯನ್ನು ಒಳಗಿನಿಂದ ಹೊರಕ್ಕೆ ತಳ್ಳುವುದರಿಂದ ಕೊಳೆ ಇರುವುದು ಫ್ಯಾನ್ ಬದಿಯಲ್ಲಿ. ಹಾಗಾಗಿ ಹೊರಗಿನಿಂದ ಒಳಕ್ಕೆ ಊದಬೇಕು. ಬ್ರೀದರ್ ಪೈಪನ್ನು ರೇಡಿಯೇಟರ್‌ನಿಂದ ದೂರಕ್ಕೆ ತಿರುಗಿಸಿ, ಅದು ಕಟ್ಟಿಕೊಳ್ಳದಂತೆಯೂ ನೋಡಿಕೊಳ್ಳಿ. ಆಯಿಲ್‌ನ ಬಿಸಿ 10 ಡಿಗ್ರಿ ಏರಿದರೆ ಅದು ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ನಮ್ಮ ಕಸುಬಿನ ಲೆಕ್ಕ. ಸೈಲೆನ್ಸರ್ ಮೇಲೆ ಕೂತ ನಾರಿನ ಪುಡಿಯನ್ನೂ ದಿನವೂ ತೆಗೆಯಬೇಕು, ಅದು ಬೆಂಕಿಯ ವಿಷಯ.

ನೀರು ಮತ್ತು ಡೀಸೆಲ್

ರೇಡಿಯೇಟರ್‌ಗೆ ಕೊಳವೆಬಾವಿ ನೀರು ಹಾಕಬೇಡಿ. ಶಿರಾ, ಮಧುಗಿರಿ, ಪಾವಗಡ ಕಡೆ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಆ ಪದರ ಲೈನರ್ ಹೊರಮೈಗೂ ಕಟ್ಟುತ್ತದೆ, ಬಿಸಿ ಹೊರಹೋಗಲು ಬಿಡುವುದಿಲ್ಲ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು: ಎಂಜಿನ್ ಓಡುವಾಗ ಲೈನರ್ ಕಂಪಿಸುತ್ತದೆ, ಅದರ ಹೊರಮೈಯಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಪ್ರತಿ ಒಡೆತವೂ ಲೋಹವನ್ನು ಚೂರು ಚೂರೇ ಕೀಳುತ್ತದೆ. ಕಾಲಕ್ರಮದಲ್ಲಿ ಲೈನರ್ ತೂತಾಗಿ ನೀರು ನೇರವಾಗಿ ಸಂಪ್‌ಗೆ ಇಳಿಯುತ್ತದೆ. ಹೆವಿ ಡ್ಯೂಟಿ ಡೀಸೆಲ್ ಎಂಜಿನ್‌ಗಳ ಕೂಲಂಟ್‌ನಲ್ಲಿ ಇದನ್ನು ತಡೆಯುವ ರಾಸಾಯನಿಕ ಇರುತ್ತದೆ. ಡಬ್ಬದ ಮೇಲಿನ ಪ್ರಮಾಣದಲ್ಲಿ ಡಿಮಿನರಲೈಸ್ಡ್ (ಖನಿಜಾಂಶ ತೆಗೆದ) ನೀರಿಗೆ ಬೆರೆಸಿ, ಕಡಿಮೆಯಾದಾಗ ಬರಿ ನೀರು ಸೇರಿಸುತ್ತಾ ಹೋಗಬೇಡಿ. ಬಿಸಿ ರೇಡಿಯೇಟರ್‌ನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ಡೀಸೆಲ್ ಟ್ಯಾಂಕನ್ನು ಸಂಜೆಯೇ ತುಂಬಿಸಿಡಿ. ಖಾಲಿ ಜಾಗದ ಗಾಳಿಯಲ್ಲಿನ ತೇವ ರಾತ್ರಿ ನೀರಾಗಿ ಇಳಿಯುತ್ತದೆ. ಬೆಳಗ್ಗೆ ಡೀಸೆಲ್‌ನಿಂದ ನೀರನ್ನು ಬೇರ್ಪಡಿಸುವ ವಾಟರ್ ಸೆಪರೇಟರ್‌ನ ತಿರುಪು ಸಡಿಲಿಸಿ, ಶುದ್ಧ ಡೀಸೆಲ್ ಬರುವವರೆಗೆ ಬಿಡಿ.

ಕಾರ್ಖಾನೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತೊಂದರೆ ಮಾತ್ರ ಟ್ಯಾಂಕಿಗೆ ಸಂಬಂಧಿಸಿದ್ದಲ್ಲ. ಮುಂದೆ ಮೆಷಿನ್‌ಗಳು ಹೆಚ್ಚಬಹುದು ಎಂದು 125 ಕೆವಿಎ ಜನರೇಟರ್ ತರುತ್ತಾರೆ, ಓಡುವುದು 20 ಕೆವಿಎ ಲೋಡ್. ಸಾಮರ್ಥ್ಯದ ಶೇಕಡ 30ಕ್ಕಿಂತ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿದರೆ ಸಿಲಿಂಡರ್ ಸಾಕಷ್ಟು ಬಿಸಿಯಾಗುವುದಿಲ್ಲ, ಡೀಸೆಲ್ ಪೂರ್ತಿ ಸುಡುವುದಿಲ್ಲ. ಅದು ಲೈನರ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಉಳಿದದ್ದು ಸೈಲೆನ್ಸರ್ ಜೋಡಣೆಗಳಲ್ಲಿ ಕಪ್ಪು ಜಿಡ್ಡಾಗಿ ಒಸರುತ್ತದೆ. ಆ ಜಿಡ್ಡನ್ನು ಕಂಡು ಆಯಿಲ್ ಲೀಕ್ ಎಂದು ಗ್ಯಾಸ್ಕೆಟ್ ಬದಲಾಯಿಸಿ ಪ್ರಯೋಜನವಿಲ್ಲ. ಕರೆಂಟ್ ಹೋದಾಗ ಕಂಪ್ರೆಸರ್, ಪಂಪ್ ಮುಂತಾದ ದೊಡ್ಡ ಮೋಟಾರ್‌ಗಳನ್ನೂ ಜನರೇಟರ್ ಮೇಲೆ ಹಾಕಿ ಲೋಡ್ ಹೆಚ್ಚಿಸಿ. ವಾರದ ಪರೀಕ್ಷೆಯ ಹೆಸರಿನಲ್ಲಿ ಐದು ನಿಮಿಷ ಖಾಲಿ ಓಡಿಸಿ ನಿಲ್ಲಿಸುವುದೂ ಇಷ್ಟೇ ಕೆಟ್ಟದ್ದು. ಲೋಡ್ ಕೊಟ್ಟು ಅರ್ಧ ಗಂಟೆಯಾದರೂ ಓಡಿಸಿ.

ಬದಲಾಯಿಸುವ ದಿನ

ಆಯಿಲ್ ಗ್ರೇಡ್ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಪುಸ್ತಕ ಮುಖ್ಯ. ನಮ್ಮ ಜಿಲ್ಲೆಯ ಚಳಿಗೂ ಸೆಖೆಗೂ 15ಡಬ್ಲ್ಯು-40 (ಆಯಿಲ್‌ನ ದಪ್ಪ ತೋರಿಸುವ ಗುರುತು) ಹೊಂದುತ್ತದೆ. ಹೆಚ್ಚಿನ ಎಂಜಿನ್‌ಗಳು ಎಪಿಐ ಸಿಐ-4 (ಆಯಿಲ್‌ನ ಗುಣಮಟ್ಟದ ದರ್ಜೆ) ಅಥವಾ ಅದಕ್ಕಿಂತ ಮೇಲಿನದನ್ನು ಕೇಳುತ್ತವೆ. ಸಿಪಿಸಿಬಿ 4+ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಗೆ ಮಿತಿ) ನಿಯಮದ ಹೊಸ ಜನರೇಟರ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಗಂಟೆ ತುಂಬದಿದ್ದರೂ ಪುಸ್ತಕ ಹೇಳುವ ತಿಂಗಳು ತುಂಬಿದರೆ ಬದಲಾಯಿಸಿ. ನಿಂತ ಎಂಜಿನ್ನಿನಲ್ಲೂ ತೇವ ಮತ್ತು ಆಮ್ಲ ಕೆಲಸ ಮಾಡುತ್ತಿರುತ್ತವೆ.

ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಇಳಿಸಿ, ಆಗ ಮಸಿಯೂ ಜೊತೆಗೆ ಬರುತ್ತದೆ. ಕೈಗವಸು ಬೇಕೇ ಬೇಕು. ಬಳಸಿದ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ. ಡ್ರೈನ್ ಪ್ಲಗ್‌ನ ತಾಮ್ರದ ವಾಷರ್ ಹೊಸದು ಹಾಕಿ. ಹಳೆಯ ಆಯಿಲ್ ಫಿಲ್ಟರನ್ನು ಹಾಗೇ ಎಸೆಯದೆ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಲ್ಲಿ ನೋಡಿ. ತಾಮ್ರದ ಬಣ್ಣದ ಹೊಳಪು ಕಂಡರೆ ಬುಷ್ ಅಥವಾ ಬೇರಿಂಗ್ ಸವೆಯುತ್ತಿದೆ. ಅಯಸ್ಕಾಂತಕ್ಕೆ ಅಂಟುವ ಚೂರು ಇದ್ದರೆ ಗೇರ್, ಕ್ಯಾಮ್ ಕಡೆ ಗಮನ ಕೊಡಿ. ಹೊಸ ಫಿಲ್ಟರ್‌ನ ರಬ್ಬರ್‌ಗೆ ಆಯಿಲ್ ಸವರಿ. ಅದು ತಾಗುವವರೆಗೆ ಕೈಯಲ್ಲೇ ತಿರುಗಿಸಿ, ನಂತರ ಫಿಲ್ಟರ್ ಮೇಲೆ ಬರೆದಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಹೊಸ ಆಯಿಲ್ ತುಂಬುವ ಫನೆಲ್‌ನಲ್ಲೇ ಕಲ್ಲುಪುಡಿ ಇರುವುದನ್ನು ನಾನು ಕಂಡಿದ್ದೇನೆ, ಅದನ್ನು ಒರೆಸಿಕೊಳ್ಳಿ.

ಚಾಲೂ ಮಾಡಿದ ಕೂಡಲೇ ಆಯಿಲ್ ಪ್ರೆಷರ್ ಗೇಜ್ ನೋಡಿ. ಕೆಲವು ಸೆಕೆಂಡುಗಳಲ್ಲಿ ಮುಳ್ಳು ಏಳದಿದ್ದರೆ ತಕ್ಷಣ ನಿಲ್ಲಿಸಿ. ಪ್ರತಿದಿನವೂ ಲೋಡ್ ತೆಗೆದ ಮೇಲೆ ಮೂರರಿಂದ ಐದು ನಿಮಿಷ ಖಾಲಿ ಓಡಿಸಿ ಆಮೇಲೆ ನಿಲ್ಲಿಸಿ. ಕೆಂಡದಂತಿರುವ ಟರ್ಬೊಗೆ ಆಯಿಲ್ ಹರಿವು ಒಮ್ಮೆಲೇ ನಿಂತರೆ ಅಲ್ಲಿ ಉಳಿದ ಆಯಿಲ್ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ.

ಲಾಗ್‌ಬುಕ್ಕಿನಲ್ಲಿ ಗಂಟೆ, ಬಿಸಿ ಎಂಜಿನ್ನಿನ ಪ್ರೆಷರ್, ನೀರಿನ ತಾಪ, ಸೇರಿಸಿದ ಆಯಿಲ್ ಎಷ್ಟು ಲೀಟರ್ ಎಂದು ಬರೆದಿಡಿ. ಒಂದು ದಿನದ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ಅದೇ ಲೋಡಿನಲ್ಲಿ ಪ್ರೆಷರ್ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಅದು ಸುದ್ದಿ. ದೊಡ್ಡ ಎಂಜಿನ್ ಇರುವವರು ಆಯಿಲ್ ಮಾದರಿಯನ್ನು ಪ್ರಯೋಗಾಲಯಕ್ಕೂ ಕಳಿಸಬೇಕು. ವರದಿಯಲ್ಲಿ ಸಿಲಿಕಾನ್ ಮತ್ತು ಕಬ್ಬಿಣ ಒಟ್ಟಿಗೆ ಏರಿದ್ದರೆ ಗಾಳಿಯ ದಾರಿ ಹುಡುಕಿ, ಸೋಡಿಯಂ ಏರಿದ್ದರೆ ಕೂಲಂಟ್ ಸೋರಿಕೆ ಹುಡುಕಿ.

ಇಳಿಸಿದ ಹಳೆಯ ಆಯಿಲನ್ನು ಬಾಗಿಲುವಾಡಕ್ಕೆ, ಬೇಲಿಕಂಬಕ್ಕೆ ಗೆದ್ದಲು ಹತ್ತದಂತೆ ಬಳಿಯಲು ಕೇಳುವವರು ಬರುತ್ತಾರೆ. ಕೊಡಬೇಡಿ, ಚರಂಡಿಗೂ ಸುರಿಯಬೇಡಿ. ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳ ಪಟ್ಟಿಯಲ್ಲಿ ಬಳಸಿದ ಆಯಿಲ್ ಇದೆ. ಮುಚ್ಚಳವಿರುವ ಬ್ಯಾರೆಲ್‌ನಲ್ಲಿ, ಮಳೆ ಬೀಳದ ಕಡೆ, ನೀರು ಮತ್ತು ಕೂಲಂಟ್ ಬೆರೆಸದೆ ಕೂಡಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಸಂಸ್ಕರಣೆಯವರಿಗೇ ಕೊಟ್ಟು, ಅವರು ಕೊಡುವ ರಸೀದಿಯನ್ನು ಅದೇ ಲಾಗ್‌ಬುಕ್ಕಿಗೆ ಸೇರಿಸಿ.