ವಿಜಯನಗರದ ಆಟಕ್ಕೆ ಹಳೆಯ ಆಟಗಳಿಂದ ನಾನು ತಂದುಕೊಂಡದ್ದು

ಬಿಡುವಿನ ವೇಳೆಯಲ್ಲಿ ಕಂಪ್ಯೂಟರಿನಲ್ಲಿ ಆಡುವ ಒಂದು ಸ್ಟ್ರಾಟೆಜಿ ಗೇಮ್ ಕಟ್ಟುತ್ತಿದ್ದೇನೆ. ನೆಲ ಎಡೆದೊರೆ ನಾಡು, ಕೃಷ್ಣಾ ತುಂಗಭದ್ರೆಯರ ನಡುವಿನ ರಾಯಚೂರು ಸೀಮೆ. ಸರದಿಯ ಮೇಲೆ ಆಡುವ ಆಟ. ಆಡುವವರು ವಿಜಯನಗರದ ಅರಸರು. ಎದುರಿಗೆ ಬಿಜಾಪುರ, ಗೋಲ್ಕೊಂಡ, ಅಹ್ಮದ್‌ನಗರ, ಬೀದರ್. ಇಂಥ ಆಟಕ್ಕೆ ಕೈಹಾಕಿದಾಗ ಹಳೆಯ ಆಟಗಳಿಂದ ಏನು ತಗೋಬೇಕು, ಏನು ಬಿಡಬೇಕು ಅನ್ನುವುದೇ ಅರ್ಧ ಕೆಲಸ.

ನಾನು ಇಟ್ಟುಕೊಂಡ ಅಳತೆ ಒಂದೇ. ಅರಸನ ಬಲ ಹೆಚ್ಚಿಸುವ ನಿಯಮಗಳು ಎಲ್ಲ ಆಟಗಳಲ್ಲೂ ಬೇಕಾದಷ್ಟಿವೆ. ನಾನು ಹುಡುಕಿದ್ದು ಅವನ ಕೈ ಕಟ್ಟುವ ನಿಯಮಗಳನ್ನು. ಮಳೆ, ದೂರ, ಕುದುರೆ, ಮಾತು ಕೇಳದ ನಾಯಕರು. ಅರಸರು ನಿಜವಾಗಿ ಒದ್ದಾಡಿದ್ದು ಇವುಗಳ ಜೊತೆಗೇ ಅಲ್ವಾ?

ಮೊದಲು ತಂದದ್ದು ಕಾಲ. 2011ರ ಟೋಟಲ್ ವಾರ್: ಶೋಗನ್ 2ರಲ್ಲಿ ವರ್ಷಕ್ಕೆ ನಾಲ್ಕು ಸರದಿ. ಚಳಿಗಾಲದಲ್ಲಿ ಶತ್ರುವಿನ ನೆಲದಲ್ಲಿ ಸಿಕ್ಕಿಕೊಂಡ ಸೈನ್ಯ ಕರಗುತ್ತಾ ಹೋಗುತ್ತದೆ. ಎರಡು ವರ್ಷ ಬಿಟ್ಟು ಅದೇ ಸರಣಿಯಲ್ಲಿ ಬಂದ ರೋಮ್ 2ರಲ್ಲಿ ಒಂದು ಸರದಿ ಅಂದರೆ ಒಂದು ವರ್ಷ. ಅಲ್ಲಿ ಆ ಬಿಗಿ ಹೋಯಿತು. ಸೇನಾಪತಿಯ ಪರಿಚಯ ಆಗುವಷ್ಟರಲ್ಲಿ ಅವನಿಗೆ ವಯಸ್ಸಾಗಿರುತ್ತದೆ. ಹಾಗಾಗಿ ನಾನು ಶೋಗನ್ ದಾರಿ ಹಿಡಿದೆ. ಆದರೆ ಜಪಾನಿನ ಹಿಮ ದಖ್ಖನ್ನಿಗೆ ಹೊಂದುವುದಿಲ್ಲ. ಮಳೆಗಾಲ, ಚಳಿಗಾಲ, ಬೇಸಿಗೆ ಅಂತ ವರ್ಷಕ್ಕೆ ಮೂರು ಸರದಿ ಮಾಡಿದೆ. ಮಳೆಗಾಲದಲ್ಲಿ ಕೃಷ್ಣೆ ದಾಟುವ ಹಾಗಿಲ್ಲ. ಗಾಡಿಗಳು ಕೆಸರಲ್ಲಿ ಹೂತು ನಿಲ್ಲುತ್ತವೆ, ಫಿರಂಗಿ ಅಲ್ಲಾಡುವುದಿಲ್ಲ. ವಿಜಯದಶಮಿ ಕಳೆದ ಮೇಲೇ ದಂಡು ಹೊರಡಬೇಕು.

ಈ ಒಂದು ನಿಯಮ ಹಾಕಿದ್ದೇ ತಡ, 1520ರ ರಾಯಚೂರು ಯುದ್ಧ ನನಗೆ ಬೇರೆಯೇ ಥರ ಕಾಣತೊಡಗಿತು. ಕಾಳಗ ನಡೆದದ್ದು ಮೇ ತಿಂಗಳಲ್ಲಿ. ಮುಂಗಾರಿಗೆ ಕೆಲವೇ ವಾರ ಬಾಕಿ. ಕೃಷ್ಣದೇವರಾಯನ ಮುತ್ತಿಗೆಗೆ ಕೋಟೆ ಇನ್ನೂ ಬಗ್ಗಿಲ್ಲ. ಅಷ್ಟರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾ ಕೃಷ್ಣೆ ದಾಟಿ ಬಂದು, ನದಿಯನ್ನು ಬೆನ್ನಿಗಿಟ್ಟುಕೊಂಡು ನಿಂತ. ಸೋತಾಗ ಅವನ ಸೈನ್ಯಕ್ಕೆ ಓಡಲು ಜಾಗವೇ ಇರಲಿಲ್ಲ. ಬೇಸಿಗೆಯ ಸರದಿ ಬಂದಾಗಲೆಲ್ಲ ನನ್ನ ಆಟದಲ್ಲೂ ಇದೇ ಸಂಕಟ: ಮುತ್ತಿಗೆ ಎತ್ತಿ ಹೊರಡಬೇಕಾ, ಮಳೆ ಬರುವ ತನಕ ಹಿಡಿದೇ ಕೂರಬೇಕಾ?

ದೂರದ ವಿಷಯಕ್ಕೆ 2025ರ ಯುರೋಪಾ ಯುನಿವರ್ಸಾಲಿಸ್ 5 ನೆರವಾಯಿತು. ಅದರ ಕಥೆ ಶುರುವಾಗುವುದು 1337ರಲ್ಲಿ, ಅಂದರೆ ನಮ್ಮ ಪುಸ್ತಕಗಳು ವಿಜಯನಗರದ ಹುಟ್ಟು ಎಂದು ಹೇಳುವ 1336ರ ಮರುವರ್ಷ. ಅಲ್ಲಿ ರಾಜಧಾನಿಯಿಂದ ದೂರ ಹೋದಷ್ಟೂ ಹಿಡಿತ ಸಡಿಲ. ಹಿಡಿತ ಕಡಿಮೆ ಇದ್ದರೆ ತೆರಿಗೆ, ಸೈನ್ಯ ಎರಡೂ ಕಡಿಮೆ. ಇದನ್ನು ಹಾಗೇ ತಂದುಕೊಂಡೆ. ನಾನು ಸೇರಿಸಿದ್ದು ಇಷ್ಟೇ: ದೂರವನ್ನು ಮೈಲಿಯಲ್ಲಿ ಎಣಿಸದೆ ದಂಡು ನಡೆಯುವ ದಿನದಲ್ಲಿ ಎಣಿಸುತ್ತೇನೆ. ಘಟ್ಟ ಇಳಿದು ಭಟ್ಕಳಕ್ಕೆ ಹೋಗುವುದೂ ಬಯಲಲ್ಲಿ ಪೆನುಕೊಂಡಕ್ಕೆ ಹೋಗುವುದೂ ಒಂದೇ ಅಲ್ಲ.

ಇದೇ ಸರಣಿಯ 2013ರ ನಾಲ್ಕನೇ ಆಟವನ್ನು ನಾನು ಮನಸಾರೆ ಆಡಿದ್ದೇನೆ, ಅದರಲ್ಲೂ ವಿಜಯನಗರವಾಗಿ. ಆದರೂ ಅದರ ಮೂರು ಬಗೆಯ ಅರಸನ ಅಂಕಗಳನ್ನು ಬಿಟ್ಟೆ. ಗೆದ್ದ ಸೀಮೆಯನ್ನು ಒಂದಿಷ್ಟು ಆಡಳಿತದ ಅಂಕ ಕೊಟ್ಟು ತನ್ನದಾಗಿಸಿಕೊಳ್ಳುವುದು ಆಟಕ್ಕೆ ಸಲೀಸು, ನಿಜ. ಆದರೆ ಊರಿನ ಗೌಡ ಶಾನುಭೋಗರು ಯಾಕೆ ಒಪ್ಪಿದರು ಅಂತ ಅಲ್ಲಿ ಗೊತ್ತಾಗುವುದೇ ಇಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ನಾಯಕರ ವ್ಯವಸ್ಥೆ. ವಿಜಯನಗರದಲ್ಲಿ ಅಮರನಾಯಕರಿಗೆ ಸೀಮೆ ಬಿಟ್ಟುಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಅವರು ಇಷ್ಟು ಕಾಲಾಳು, ಇಷ್ಟು ಕುದುರೆ ಸಾಕಬೇಕು, ಅರಮನೆಗೆ ಇಷ್ಟು ಹಣ ಕಟ್ಟಬೇಕು. ಇದಕ್ಕೆ ಕ್ರುಸೇಡರ್ ಕಿಂಗ್ಸ್ ಸರಣಿಯೇ ಗುರು. ಅಲ್ಲಿ ಪ್ರತಿ ಸಾಮಂತನಿಗೂ ಆಸೆ ಇದೆ, ಸಿಟ್ಟಿದೆ, ಹೆಂಡತಿ ಮಕ್ಕಳಿದ್ದಾರೆ. ನಿಮ್ಮ ಬಗ್ಗೆ ಅವನ ಮನಸ್ಸು ಹೇಗಿದೆ ಅನ್ನುವುದಕ್ಕೂ ಒಂದು ಅಂಕೆ ಇದೆ. ನಾನು ಎಲ್ಲ ತಂದುಕೊಂಡು ಆ ಅಂಕೆಯನ್ನು ಮಾತ್ರ ಆಡುವವರ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟೆ. ನಾಯಕನ ಮನಸ್ಸು ತಿಳಿಯಲು ವರ್ಷಕ್ಕೆ ಒಂದೇ ಅವಕಾಶ, ಮಹಾನವಮಿ.

ಆಗ ನಾಯಕರೆಲ್ಲ ಹಂಪೆಗೆ ಬರುತ್ತಾರೆ, ದಂಡು ತೋರಿಸುತ್ತಾರೆ, ಹಣ ಒಪ್ಪಿಸುತ್ತಾರೆ. ಸಾವಿರ ಕುದುರೆ ತರಬೇಕಾದವನು ಆರುನೂರು ತರುತ್ತಾನೆ. ‘ಈ ಸಲ ಮಳೆ ಕೈಕೊಟ್ಟಿತು ಮಹಾಸ್ವಾಮಿ’ ಅನ್ನುತ್ತಾನೆ. ಆಡಿ ನೋಡಲು ಬಂದಿದ್ದ ಗೆಳೆಯ ಇಲ್ಲಿ ತಡೆದು, ಭೂಪಟದಲ್ಲಿ ಆ ಸೀಮೆ ತೆರೆದು ಮಳೆಯ ಲೆಕ್ಕ ನೋಡಿದ. ಮಳೆ ಚೆನ್ನಾಗೇ ಆಗಿತ್ತು. ‘ಸುಳ್ಳು ಹೇಳ್ತಿದ್ದಾನೆ ಕಣೋ ಇವನು’ ಅಂದ. ಆದರೂ ಆ ನಾಯಕನಿಗೆ ವೀಳ್ಯ ಕೊಟ್ಟು, ಶಾಲು ಹೊದಿಸಿ ಕಳಿಸಿದ. ಮುಂದಿನ ಸರದಿಯಲ್ಲೇ ಮುದಗಲ್ಲಿಗೆ ದಂಡು ಹೋಗಬೇಕಿತ್ತು, ಆ ಆರುನೂರು ಕುದುರೆ ಬೇಕೇ ಬೇಕಿತ್ತು. ಅದನ್ನು ನೋಡಿದ ಮೇಲೆ ಅಂಕೆ ಮುಚ್ಚಿಡುವ ನಿಯಮವನ್ನು ಮತ್ತೆ ಮುಟ್ಟಲಿಲ್ಲ.

ಕುದುರೆಯ ವಿಷಯಕ್ಕೆ ನೆನಪಾದದ್ದು 2001ರ ಸಿವಿಲೈಸೇಶನ್ 3. ಭೂಪಟದಲ್ಲಿ ಕುದುರೆ ಸಿಗುವ ಜಾಗ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಇದ್ದವರಿಂದ ಪಡೆಯದಿದ್ದರೆ, ಅಶ್ವದಳ ಇಲ್ಲ. ವಿಜಯನಗರಕ್ಕೆ ಒಳ್ಳೆಯ ಕುದುರೆ ಬರುತ್ತಿದ್ದದ್ದು ಸಮುದ್ರ ದಾಟಿ, ಪರ್ಷಿಯಾ ಕೊಲ್ಲಿಯ ಹೊರ್ಮುಜ್ ಕಡೆಯಿಂದ. ವಿಜಯನಗರದ ಅರಸ ಸಾಳುವ ನರಸಿಂಹ ದಾರಿಯಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ, ವ್ಯಾಪಾರಿ ಅದರ ಬಾಲ ತಂದು ತೋರಿಸಿದರೆ ಸಾಕಿತ್ತು ಎಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಹಾಗಾಗಿ ನನ್ನ ಆಟದಲ್ಲಿ ಕುದುರೆ ಒಮ್ಮೆ ಸಿಕ್ಕರೆ ಮುಗಿಯುವ ಸರಕಲ್ಲ. ಕೋಡ್ ಬರೆಯುವ ಮುಂಚೆ ಡ್ರಾಯಿಂಗ್ ಹಾಳೆಯ ಮೇಲೆ ಹುಣಸೆ ಬೀಜ ಇಟ್ಟು ಆಡಿ ನೋಡಿದ್ದೆ. ಪ್ರತಿ ಮಳೆಗಾಲ ಬೀಜಗಳಲ್ಲಿ ಒಂದು ಪಾಲು ವಾಪಸ್ ಬಟ್ಟಲಿಗೆ. ಬಂದರಿನಿಂದ ಹೊಸದು ಬರದಿದ್ದರೆ ಕೆಲವೇ ವರ್ಷದಲ್ಲಿ ಲಾಯ ಖಾಲಿ. 1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾಗುತ್ತದೆ. ಆಮೇಲೆ ಅವರ ಜೊತೆ ಹೇಗಿರಬೇಕು ಅನ್ನುವುದನ್ನು ಕುದುರೆಯೇ ತೀರ್ಮಾನಿಸುತ್ತದೆ.

ಸಣ್ಣ ಸೌಕರ್ಯಗಳನ್ನೂ ಬಿಡಬಾರದು. ಓಲ್ಡ್ ವರ್ಲ್ಡ್ ಅನ್ನುವ ಆಟದಲ್ಲಿ ಇಟ್ಟ ಹೆಜ್ಜೆ ಹಿಂದಕ್ಕೆ ತಗೊಳ್ಳಬಹುದು. ಕ್ರುಸೇಡರ್ ಕಿಂಗ್ಸ್ 3ರಲ್ಲಿ ವಿವರಣೆಯ ಪೆಟ್ಟಿಗೆಯೊಳಗಿನ ಪದದ ಮೇಲೆ ಮೌಸ್ ಇಟ್ಟರೆ ಅದರದ್ದೂ ವಿವರಣೆ ತೆರೆಯುತ್ತದೆ. ‘ಅಮರ’, ‘ಉಂಬಳಿ’ ಅಂದರೆ ಏನೆಂದು ಹೊಸಬರು ಆಟ ಬಿಟ್ಟು ಹುಡುಕಬೇಕಾಗಿಲ್ಲ.

ಈಗ ಕೂತಿರುವುದು ಸುಲ್ತಾನರು ಒಂದಾಗಿ ವಿಜಯನಗರವನ್ನು ಸೋಲಿಸಿದ 1565ರ ರಕ್ಕಸತಂಗಡಿ ಯುದ್ಧದ ಮೇಲೆ. ಯುರೋಪಾ 4ರಲ್ಲಿ ಅಕ್ಕಪಕ್ಕದವರನ್ನು ಮೇಲಿಂದ ಮೇಲೆ ನುಂಗಿದರೆ ಉಳಿದವರ ಸಿಟ್ಟು ಏರುತ್ತದೆ, ಅದು 50 ದಾಟಿದರೆ ಅವರೆಲ್ಲ ಒಂದಾಗಿ ಕೂಟ ಕಟ್ಟಬಹುದು. ಆಗ ವಿಜಯನಗರ ಆಳುತ್ತಿದ್ದ ರಾಮರಾಯನ ಕಥೆಗೆ ಇದು ಹೇಳಿ ಮಾಡಿಸಿದ ಹಾಗಿದೆ, ಆದರೆ ಸಾಲದು. ಒಬ್ಬರಿಗೊಬ್ಬರು ಆಗದ ಸುಲ್ತಾನರು ಒಂದಾದದ್ದು ಬರೀ ಸಿಟ್ಟಿನಿಂದಲ್ಲ, ನೆಂಟಸ್ತನದಿಂದಲೂ ಹೌದು. ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾನ ಮಗಳು ಚಾಂದ್ ಬೀಬಿಯನ್ನು ಬಿಜಾಪುರದ ಅಲಿ ಆದಿಲ್ ಶಾನಿಗೆ ಕೊಟ್ಟರು. ಎರಡೂ ಮನೆಯವರು ಕಿತ್ತಾಡುತ್ತಿದ್ದ ಸೊಲ್ಲಾಪುರದ ಕೋಟೆ ಮದುವೆಯ ಜೊತೆಗೇ ಬಿಜಾಪುರಕ್ಕೆ ಹೋಯಿತು. ಕ್ರುಸೇಡರ್ ಕಿಂಗ್ಸ್‌ನ ಮದುವೆಯ ನಿಯಮವನ್ನು ಯುರೋಪಾದ ಕೂಟದ ನಿಯಮಕ್ಕೆ ಹೊಲಿಯುತ್ತಿದ್ದೇನೆ. ಮದುವೆಯ ಮಾತುಕತೆಯ ಸುದ್ದಿ ಹಂಪೆಯ ಬೇಹುಗಾರರಿಗೆ ಯಾವ ಸರದಿಯಲ್ಲಿ ತಲುಪಬೇಕು ಅನ್ನುವುದೊಂದು ಇನ್ನೂ ಬಾಕಿ ಇದೆ.