ನಾಲ್ಕು ಗಂಟೆಯ ಗುರಿ, ಹದಿನೇಳು ನಿಮಿಷದ ಅಂತರ

ಮುಂಬೈ ಮ್ಯಾರಥಾನ್‌ನ 42.195 ಕಿಲೋಮೀಟರನ್ನು ನಾಲ್ಕು ಗಂಟೆಯೊಳಗೆ ಓಡಬೇಕೆಂದು ನಾನು ಎಂಟು ತಿಂಗಳು ತಯಾರಿ ನಡೆಸಿದ್ದೆ. ಕೊನೆಯ ಗೆರೆ ದಾಟಿದಾಗ ಕೈಗಡಿಯಾರದಲ್ಲಿ 4 ಗಂಟೆ 17 ನಿಮಿಷ 23 ಸೆಕೆಂಡ್ ಆಗಿತ್ತು. ಆ ಹದಿನೇಳು ನಿಮಿಷಗಳು ಎಲ್ಲೆಲ್ಲಿ ಸೋರಿಹೋದವು ಎಂಬುದನ್ನು ಊರಿಗೆ ಮರಳಿದ ವಾರದಲ್ಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ದಾವಣಗೆರೆಯಂಥ ಒಣಹವೆಯ ಊರಿನಲ್ಲಿ ಅಭ್ಯಾಸ ಮಾಡಿ ಕಡಲತೀರದ ನಗರದಲ್ಲಿ ಓಡಲು ಹೊರಡುವವರಿಗೆ ಅದು ಉಪಯೋಗಕ್ಕೆ ಬಂದೀತೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು. ಹಾಗಾಗಿ ಗುರಿಯನ್ನೂ ಲೆಕ್ಕ ಹಾಕಿಯೇ ಇಟ್ಟುಕೊಂಡಿದ್ದೆ. ಒಂದು ದೂರದ ಸಮಯದಿಂದ ಇನ್ನೊಂದು ದೂರದ ಸಮಯವನ್ನು ಅಂದಾಜು ಮಾಡಲು ಅಮೆರಿಕದ ಎಂಜಿನಿಯರ್ ಪೀಟ್ ರೀಗೆಲ್ 1977ರಲ್ಲಿ ಪ್ರಕಟಿಸಿದ ಸೂತ್ರವೊಂದಿದೆ. ಅದರ ಪ್ರಕಾರ ದೂರ ಇಮ್ಮಡಿಯಾದರೆ ಸಮಯವನ್ನು 2ರಿಂದಲ್ಲ, 2ರ 1.06ನೆಯ ಘಾತದಿಂದ, ಅಂದರೆ ಸುಮಾರು 2.085ರಿಂದ ಗುಣಿಸಬೇಕು. ಡಿಸೆಂಬರಿನ ಒಂದು ಚಳಿಯ ಬೆಳಗ್ಗೆ ನಾನು ಅರ್ಧ ಮ್ಯಾರಥಾನ್ ದೂರವನ್ನು 1 ಗಂಟೆ 55 ನಿಮಿಷದಲ್ಲಿ ಓಡಿದ್ದೆ. ಗುಣಿಸಿ ನೋಡಿದರೆ 3 ಗಂಟೆ 59 ನಿಮಿಷ 46 ಸೆಕೆಂಡ್ ಬಂತು. ಗುರಿಗಿಂತ ಹದಿನಾಲ್ಕು ಸೆಕೆಂಡ್ ಕಡಿಮೆ! ಆ ಉತ್ತರ ನನಗೆ ಎಷ್ಟು ಹಿಡಿಸಿತೆಂದರೆ, ಸೂತ್ರ ಯಾವ ಷರತ್ತಿನ ಮೇಲೆ ನಿಂತಿದೆ ಎಂದು ಯೋಚಿಸುವ ಗೋಜಿಗೇ ಹೋಗಲಿಲ್ಲ. ದೊಡ್ಡ ದೂರಕ್ಕೆ ತಕ್ಕ ತಯಾರಿ ಇರಬೇಕು, ಹವೆ ಮತ್ತು ರಸ್ತೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿರಬೇಕು. ನನ್ನ ಪಾಲಿಗೆ ಇವೆರಡೂ ನಿಜವಾಗಿರಲಿಲ್ಲ.

ವಾರದ ದಿನಗಳಲ್ಲಿ ಬೆಳಗ್ಗೆ ಐದಕ್ಕೆ ಕುಂದುವಾಡ ಕೆರೆಯ ಏರಿಯ ಮೇಲೆ ಓಡುತ್ತಿದ್ದೆ. ಭಾನುವಾರದ ದೂರದ ಓಟ ಹಳೆಯ ಪಿ.ಬಿ. ರಸ್ತೆ ಹಿಡಿದು, ಬಾತಿ ದಾಟಿ, ಹರಿಹರದ ತುಂಗಭದ್ರಾ ಸೇತುವೆಯವರೆಗೆ ಹೋಗಿ ಬರುವುದಾಗಿತ್ತು. ವಾರಕ್ಕೆ ಸುಮಾರು ಐವತ್ತು ಕಿಲೋಮೀಟರ್ ಆಗುತ್ತಿತ್ತು. ಒಂದೇ ದಿನ 30 ಕಿಲೋಮೀಟರ್ ಓಡಿದ್ದು ಒಮ್ಮೆ ಮಾತ್ರ. ದಾರಿಯಲ್ಲಿ ಹೇಳಿಕೊಳ್ಳುವಂಥ ಏರು ಇಲ್ಲ. ಚಳಿಗಾಲದಲ್ಲಿ ಎಷ್ಟು ಬೆವರಿದರೂ ನಿಂತು ನೀರು ಕುಡಿಯುವಷ್ಟರಲ್ಲಿ ಬನಿಯನ್ ಆರತೊಡಗುತ್ತಿತ್ತು. ಖಾಲಿ ಹೊಟ್ಟೆಯಲ್ಲಿ, ಬರೀ ನೀರು ಕುಡಿದು ಓಡುವುದನ್ನು ನಾನು ಶಿಸ್ತು ಎಂದೇ ನಂಬಿದ್ದೆ. ಜೊತೆಯಲ್ಲಿ ಓಡುತ್ತಿದ್ದ ಕಿರಿಯ ಗೆಳೆಯರೊಬ್ಬರು ಮೊದಲೊಮ್ಮೆ ಮುಂಬೈಯಲ್ಲಿ ಓಡಿ ಬಂದವರು. ಅವರು ರೈಲು ಹತ್ತಿಸಲು ಬಂದಾಗ ಹೇಳಿದ್ದು ಒಂದೇ ಮಾತು: “ಮೈ ಹಗುರ ಐತಂತ ಮುಂದೆ ಓಡಬೇಡ್ರಿ ಸರ್.”

ನಾನು ಓಡಿದ್ದು ಅಲ್ಲಿನ ಕೋಸ್ಟಲ್ ರೋಡ್ ಇನ್ನೂ ತೆರೆಯದಿದ್ದ ವರ್ಷ. ಜನವರಿಯ ಮೂರನೆಯ ಭಾನುವಾರ, ಬೆಳಕು ಹರಿಯುವುದಕ್ಕೆ ಮೊದಲೇ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎದುರಿನಿಂದ ಓಟ ಶುರುವಾಯಿತು. ನಾಲ್ಕು ಗಂಟೆಗೆ ಮುಗಿಸಲು ಪ್ರತಿ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್ ಸಾಕಿತ್ತು. ನಾನು 5 ನಿಮಿಷ 32 ಸೆಕೆಂಡಿನಂತೆ ಓಡುತ್ತಿದ್ದೆ. ಹೋಗುವಾಗ ಸಿಕ್ಕ ಪೆಡ್ಡರ್ ರಸ್ತೆಯ ಏರು ಏರೆಂದೇ ಅನಿಸಲಿಲ್ಲ. ಬೇರೆ ದಿನಗಳಲ್ಲಿ ಕಾಲ್ನಡಿಗೆಯವರನ್ನು ಬಿಡದ ಬಾಂದ್ರಾ–ವರ್ಲಿ ಸೇತುವೆಯ ಮೇಲೆ, ಎರಡೂ ಕಡೆ ಕತ್ತಲ ಕಡಲನ್ನು ಇಟ್ಟುಕೊಂಡು, ಸಾವಿರಾರು ಹೆಜ್ಜೆಗಳ ಸದ್ದಿನ ನಡುವೆ ಓಡಿದ ಆ ಅರ್ಧ ಗಂಟೆ ನನ್ನ ಬದುಕಿನ ಒಳ್ಳೆಯ ಅರ್ಧ ಗಂಟೆಗಳಲ್ಲಿ ಒಂದು. ಅದನ್ನು ಯಾವ ಸಮಯದ ಲೆಕ್ಕಕ್ಕೂ ಬಿಟ್ಟುಕೊಡಲಾರೆ. ಅರ್ಧ ದೂರ ಮುಟ್ಟಿದಾಗ 1 ಗಂಟೆ 56 ನಿಮಿಷ 44 ಸೆಕೆಂಡ್. ಮೂರು ನಿಮಿಷ ಉಳಿಸಿದೆ ಎಂದುಕೊಂಡೆ.

ಆದರೆ ಅದು ಉಳಿತಾಯವಾಗಿರಲಿಲ್ಲ, ಸಾಲವಾಗಿತ್ತು. ವೇಗ ಹೆಚ್ಚಿದಷ್ಟೂ ದೇಹ ಕೊಬ್ಬಿಗಿಂತ ಹೆಚ್ಚಾಗಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಉರಿಸುತ್ತದೆ. ಆ ದಾಸ್ತಾನು ಬಹಳ ಮಂದಿಗೆ 30 ಕಿಲೋಮೀಟರ್ ಆಸುಪಾಸಿನಲ್ಲಿ ತಳ ಕಾಣತೊಡಗುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟವನ್ನು ಮೊದಲಿನಿಂದಲೇ ತೆಗೆದುಕೊಳ್ಳುತ್ತ ಹೋಗಬೇಕೆಂಬುದು ಇದೇ ಕಾರಣಕ್ಕೆ. ನಾನು ಮೊದಲ ಜೆಲ್ (ಓಡುತ್ತಲೇ ನುಂಗುವ ಸಿಹಿ ಪಾಕ) ಪೊಟ್ಟಣ ಹರಿದದ್ದು 25ನೆಯ ಕಿಲೋಮೀಟರಿನಲ್ಲಿ. ಇಡೀ ಓಟದಲ್ಲಿ ಎರಡು ಜೆಲ್, ಅರ್ಧ ಬಾಳೆಹಣ್ಣು, ಅಷ್ಟೇ. ಅಭ್ಯಾಸದಲ್ಲಿ ತಿಂದು ಓಡಿಯೇ ಗೊತ್ತಿಲ್ಲದ ಹೊಟ್ಟೆ ಎರಡನೆಯ ಜೆಲ್ಲಿಗೇ ತೊಳಸತೊಡಗಿತು. ಹೊತ್ತು ಏರಿದ ಮೇಲೆ ಕಡಲ ತೇವದ ಗಾಳಿಯಲ್ಲಿ ಬೆವರು ಆರಲೇ ಇಲ್ಲ; ಅದು ಕಾಲಿಗಿಳಿದು, ಹೆಜ್ಜೆ ಹೆಜ್ಜೆಗೂ ಬೂಟಿನೊಳಗೆ ಪಚಪಚ ಎನ್ನುತ್ತಿತ್ತು. ಬೆವರು ಆರದಿದ್ದರೆ ಮೈಯ ಕಾವು ಇಳಿಯುವುದಿಲ್ಲ. ಒಂದೇ ವೇಗಕ್ಕೆ ಎದೆಬಡಿತ ಹೆಚ್ಚುತ್ತಲೇ ಹೋಯಿತು.

ನೋಟ್‌ಬುಕ್ಕಿನಲ್ಲಿ ನಾನು ಹೆಚ್ಚು ಸಲ ನೋಡಿದ ಸಾಲು ಇದು: 30 ಕಿಲೋಮೀಟರ್, 2 ಗಂಟೆ 49 ನಿಮಿಷ 24 ಸೆಕೆಂಡ್. ಅಲ್ಲಿಯವರೆಗೂ ನಾನು ಗುರಿಗಿಂತ ಒಂದು ನಿಮಿಷದಷ್ಟು ಮುಂದೆಯೇ ಇದ್ದೆ. ಉಳಿದ 12.195 ಕಿಲೋಮೀಟರಿಗೆ 1 ಗಂಟೆ 27 ನಿಮಿಷ 59 ಸೆಕೆಂಡ್ ಹಿಡಿಯಿತು, ಅಂದರೆ ಕಿಲೋಮೀಟರಿಗೆ 7 ನಿಮಿಷ 13 ಸೆಕೆಂಡ್. ವರ್ಲಿಯ ಹತ್ತಿರ ನಾಲ್ಕು ಗಂಟೆಯ ಪೇಸರ್, ಅಂದರೆ ಆ ಸಮಯಕ್ಕೆ ಮುಗಿಸುವ ವೇಗದಲ್ಲಿ ಓಡಿ ಉಳಿದವರಿಗೆ ದಾರಿ ತೋರುವವರು, ತಮ್ಮ ಗುಂಪಿನೊಂದಿಗೆ ನನ್ನನ್ನು ದಾಟಿ ಹೋದರು. ಅವರ ಬೆನ್ನ ಮೇಲಿನ ಫಲಕವನ್ನು ಓದಲಾಗದಷ್ಟು ದೂರವಾಗುವವರೆಗೂ ನೋಡುತ್ತಿದ್ದೆ. ಮರಳಿ ಬಂದ ಪೆಡ್ಡರ್ ರಸ್ತೆಯ ಏರಿನಲ್ಲಿ ಎಡಗಾಲಿನ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಸೆಳೆದುಕೊಂಡಿತು. ರಸ್ತೆ ಬದಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಉಪ್ಪು ಸವರಿದ ಕಿತ್ತಳೆಯ ತೊಳೆಗಳನ್ನು ಅಂಗೈಗೆ ಹಾಕಿದರು. ತಿಂದು, ಏರು ಮುಗಿಯುವವರೆಗೆ ನಡೆದು, ಇಳಿಜಾರಿನಲ್ಲಿ ಮತ್ತೆ ಓಟಕ್ಕಿಳಿದೆ.

ಈಗ ತಯಾರಿಯನ್ನು ಬದಲಿಸಿದ್ದೇನೆ. ತಿಂಗಳಿಗೆ ಎರಡು ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಜೋಗಿಮಟ್ಟಿಯ ಏರಿನಲ್ಲಿ ಓಡುತ್ತೇನೆ. ದೂರದ ಓಟದ ಕೊನೆಯ ಎಂಟು ಕಿಲೋಮೀಟರನ್ನು ಗುರಿಯ ವೇಗದಲ್ಲಿ ಮುಗಿಸುತ್ತೇನೆ. ಓಟಕ್ಕೆ ಮುಂಚೆ ಎರಡು ಇಡ್ಲಿ, ಆಮೇಲೆ ಪ್ರತಿ ನಲವತ್ತು ನಿಮಿಷಕ್ಕೊಮ್ಮೆ ಖರ್ಜೂರ ಅಥವಾ ಜೆಲ್. ಹೊಟ್ಟೆ ಒಗ್ಗಿಕೊಳ್ಳಲು ಆರು ವಾರ ಹಿಡಿಯಿತು. ಮತ್ತೆ ಅದೇ ಮುಂಬೈಗೆ ಹೆಸರು ಕೊಟ್ಟಿದ್ದೇನೆ. ರೀಗೆಲ್ ಸೂತ್ರದ ಉತ್ತರಕ್ಕೆ ಹತ್ತು ನಿಮಿಷ ಸೇರಿಸಿ, ನೋಟ್‌ಬುಕ್ಕಿನ ಹೊಸ ಪುಟದ ಮೇಲೆ 4 ಗಂಟೆ 10 ನಿಮಿಷ ಎಂದು ಬರೆದಿದ್ದೇನೆ. ಅದರ ಕೆಳಗೆ, ಅರ್ಧ ದೂರದ ಎದುರಿಗೆ, ‘2 ಗಂಟೆ 5 ನಿಮಿಷಕ್ಕಿಂತ ಮೊದಲು ಬೇಡ’ ಎಂದು ಕೆಂಪು ಶಾಯಿಯಲ್ಲಿದೆ.